‘ಕಂಪ್ರೆಸ್’ ಮಾಡುವುದೆಂದರೆ ಮಡಚುವುದೋ, ಬತ್ತಿಸುವುದೋ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಊರಿನಲ್ಲಿ ಸಂಜೆ ಹೊತ್ತು ಕಂಪ್ಯೂಟರ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಂಗಸರು, ಜೊತೆಗೆ ಮೂರ್ನಾಲ್ಕು ಜನ ಅಡಿಕೆ ತೋಟದವರು. ಅವರಿಗೆಂದು ಒಂದು ಸಣ್ಣ ಕೈಪಿಡಿ ಬರೆದಿದ್ದೇನೆ. ಸ್ಕ್ರೀನ್‌ಶಾಟ್ ತೆಗೆಯಲು ದುಡ್ಡು ಕೊಡದೆ ಸಿಗುವ ತಂತ್ರಾಂಶ ಯಾವುದು, ತೆಗೆದ ಚಿತ್ರವನ್ನು ಹಗುರ ಮಾಡಿ ಕಳಿಸುವುದು ಹೇಗೆ, ಇಷ್ಟೇ ವಿಷಯ. ಪಾಠ ಮುಗಿದು ತಿಂಗಳಾಯಿತು, ಕ್ರಿಯಾಪದಗಳಲ್ಲಿ ಸಿಕ್ಕಿಕೊಂಡು ಕೂತಿದ್ದೇನೆ. ಅದರಲ್ಲೂ ‘ಕಂಪ್ರೆಸ್’, ಅಂದರೆ ಕಡತ ಕಡಿಮೆ ಜಾಗ ಹಿಡಿಯುವಂತೆ ಮಾಡುವುದು.

ಮೊದಲ ಕರಡಿನಲ್ಲಿ ‘ಚಿತ್ರದ ಗಾತ್ರ ಕುಗ್ಗಿಸಿ’ ಎಂದು ಬರೆದಿದ್ದೆ. ತರಗತಿಯ ಒಬ್ಬರು ಅರ್ಜಿಯೊಂದಕ್ಕೆ ಚಿತ್ರ ಏರಿಸಬೇಕಿತ್ತು, 200 ಕೆಬಿ ಮೀರುವಂತಿರಲಿಲ್ಲ. ನನ್ನ ಮಾತು ಓದಿಕೊಂಡು ಅವರು ಚಿತ್ರವನ್ನು ವರ್ಡ್ ಕಡತದೊಳಗೆ ಹಾಕಿ, ಮೂಲೆ ಹಿಡಿದು ಎಳೆದು, ಬೆಂಕಿಪೊಟ್ಟಣದಷ್ಟು ಮಾಡಿದ್ದರು. ಕಡತ ಮಾತ್ರ ಇದ್ದಷ್ಟೇ ಇತ್ತು. ಹಾಗೆ ಎಳೆದರೆ ತೋರುವ ಅಳತೆ ಸಣ್ಣದಾಗುತ್ತದೆಯೇ ಹೊರತು ಮೂಲ ಚಿತ್ರ ಮೊದಲಿನಂತೇ ಕೂತಿರುತ್ತದೆ. ‘ಇಷ್ಟು ಸಣ್ಣ ಮಾಡಿದ್ರೂ ತಗೋತಿಲ್ಲ ಮೇಡಂ’ ಎಂದರು. ತಪ್ಪು ನನ್ನದು. ‘ಗಾತ್ರ’ ಎಂದರೆ ಯಾರಿಗಾದರೂ ಉದ್ದಗಲವೇ ಹೊಳೆಯುವುದು. ‘ಸೈಜ್’ ಎಂಬ ಒಂದೇ ಮಾತನ್ನು ಉದ್ದಗಲಕ್ಕೂ ಕೆಬಿಗೂ ಬಳಸುವ ಇಂಗ್ಲಿಷಿನ ಅಭ್ಯಾಸವನ್ನು ಹಾಗೇ ಕನ್ನಡಕ್ಕೆ ತಂದುಹಾಕಿದ್ದೆ.

ಈಗ ಉದ್ದಗಲಕ್ಕೆ ‘ಅಳತೆ’, ಕೆಬಿ-ಎಂಬಿಗೆ ‘ತೂಕ’ ಎಂದು ಬದಲಿಸಿದ್ದೇನೆ. ಅಡಿಕೆ ಬೆಳೆಯುವ ಊರಿನಲ್ಲಿ ತೂಕ ಎಂದರೆ ಬಿಡಿಸಿ ಹೇಳಬೇಕಿಲ್ಲ. ‘ಚಿತ್ರದ ತೂಕ 200 ಕೆಬಿ ಒಳಗಿರಲಿ’ ಎಂದ ಮೇಲೆ ಒಬ್ಬರೂ ಮೂಲೆ ಹಿಡಿದು ಎಳೆದಿಲ್ಲ.

ತೂಕ ಇಳಿಸುವ ಕೆಲಸಕ್ಕೆ ಏನನ್ನಬೇಕು ಎಂಬುದು ಉಳಿಯಿತು. ಪುಸ್ತಕಗಳಲ್ಲಿ ಸಂಕುಚನ, ಸಂಕೋಚನ ಎಂದೆಲ್ಲ ಕಾಣುತ್ತೇವೆ. ನನ್ನ ಕಿವಿಗೆ ‘ಸಂಕುಚಿತ ಚಿತ್ರ’ ಎಂದರೆ ಸಣ್ಣ ಬುದ್ಧಿಯ ಚಿತ್ರ, ‘ಸಂಕೋಚಗೊಂಡ ಚಿತ್ರ’ ಎಂದರೆ ನಾಚಿಕೊಂಡ ಚಿತ್ರ. ‘ಕುಗ್ಗು’ ಮನಸ್ಸಿಗೂ ಆಗುತ್ತದೆ. ‘ಒತ್ತು’ ಗುಂಡಿಗೆ ಮೀಸಲಾಗಿ ಹೋಗಿದೆ. ‘ಚಿತ್ರವನ್ನು ಒತ್ತಿ’ ಎಂದರೆ ಬೆರಳಿಡುತ್ತಾರೆ. ‘ಅಡಕಗೊಳಿಸು’ ಒಳ್ಳೆಯ ಮಾತೇ. ಆದರೆ ‘ಅಡಕ ಮಾಡಿ’ ಎಂದಾಗ ಹಿಂದಿನ ಬೆಂಚಿನಿಂದ ‘ಯಾವ ಅಡಕೆ, ರಾಶಿಯೋ ಬೆಟ್ಟೆಯೋ?’ ಎಂದು ಕೇಳಿದರು. ಅಲ್ಲಿಗೆ ಅದನ್ನು ಕೈಬಿಟ್ಟೆ.

ನಿಜವಾದ ತೊಡಕು ಇದಕ್ಕಿಂತ ಆಳದಲ್ಲಿದೆ. ಕಂಪ್ರೆಸ್ ಎಂಬುದು ಒಂದು ಕೆಲಸವೇ ಅಲ್ಲ, ಕನಿಷ್ಠ ಎರಡು.

ಚಿತ್ರದ ಕಡತಗಳಲ್ಲಿ ಪಿಎನ್‌ಜಿ, ಜೆಪೆಗ್ ಎಂಬ ಎರಡು ಬಗೆ ಸಾಮಾನ್ಯ. ಮೊದಲು ಪಿಎನ್‌ಜಿಯ ದಾರಿ ನೋಡಿ. 1920 ಚುಕ್ಕೆ (ಪಿಕ್ಸೆಲ್) ಅಗಲ, 1080 ಚುಕ್ಕೆ ಎತ್ತರದ ಪರದೆಯಲ್ಲಿ 20,73,600 ಚುಕ್ಕೆಗಳು. ಒಂದೊಂದಕ್ಕೂ 3 ಬೈಟ್ ಹಿಡಿದರೆ 62 ಲಕ್ಷ ಬೈಟ್ ದಾಟುತ್ತದೆ. ಪಿಎನ್‌ಜಿ ಅಷ್ಟನ್ನೂ ಬರೆಯುತ್ತ ಕೂರುವುದಿಲ್ಲ. ಈ ಚುಕ್ಕೆ ಪಕ್ಕದ್ದಕ್ಕಿಂತ, ಇಲ್ಲವೇ ಮೇಲಿನದಕ್ಕಿಂತ ಎಷ್ಟು ಬೇರೆ ಎಂದಷ್ಟೇ ಗುರುತು ಹಾಕಿಕೊಳ್ಳುತ್ತದೆ. ಬೇರೆಯಾಗಿಲ್ಲದಿದ್ದರೆ ಸೊನ್ನೆ. ಸೊನ್ನೆಗಳ ಸಾಲೇ ಬಂದರೆ ‘ಇಂಥವೇ ಇನ್ನಿಷ್ಟು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಸಂಘದ ಲೆಕ್ಕದ ಪುಸ್ತಕದಲ್ಲಿ ಮೇಲಿನ ಸಾಲಿನದೇ ಮತ್ತೆ ಬಂದಾಗ ಎರಡು ಸಣ್ಣ ಗೀಟು ಹಾಕಿ ಮುಂದೆ ಹೋಗುತ್ತಾರಲ್ಲ, ಅದೇ ಉಪಾಯ. ತರಗತಿಯಲ್ಲಿ ಆ ಗೀಟು ತೋರಿಸಿದ್ದೇ ಸಾಕಾಯಿತು. ಗೀಟು ಇದ್ದಲ್ಲಿ ಪೂರ್ತಿ ಮಾತನ್ನು ಮತ್ತೆ ಬರೆದುಕೊಳ್ಳಬಹುದು, ಒಂದಕ್ಷರವೂ ಹೋಗಿರುವುದಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಬಿಳಿ ಬಯಲೇ ಹೆಚ್ಚಾದ್ದರಿಂದ ಇದು ಚೆನ್ನಾಗಿ ಒಗ್ಗುತ್ತದೆ.

ಜೆಪೆಗ್‌ನ ದಾರಿ ಬೇರೆ. ಚಿತ್ರವನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ತಿಳಿಯದ ನವುರಾದ ಏರಿಳಿತಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದು ಹೋಯಿತು, ಮರಳಿ ಬಾರದು. ಜೋಗದ ಫೋಟೋಗೆ ಇದರಿಂದ ಏನೂ ಆಗುವುದಿಲ್ಲ, ನೊರೆಯಲ್ಲಿ ಯಾವ ಹನಿ ಕಾಣೆಯಾಯಿತೆಂದು ಯಾರು ಎಣಿಸುತ್ತಾರೆ? ಅಕ್ಷರಕ್ಕೆ ಬಂದಾಗ ಕಷ್ಟ. ಬಿಳಿಯಿಂದ ಕಪ್ಪಿಗೆ ಒಂದೇ ಏಟಿಗೆ ಹಾರುವ ಅಂಚು ಈ ವಿಧಾನಕ್ಕೆ ಆಗಿಬರುವುದಿಲ್ಲ, ಸುತ್ತಲೂ ಹೊಗೆಯಾಡಿದಂತೆ ಕಲೆ ಕೂರುತ್ತದೆ. ಅದರಲ್ಲೂ ಕನ್ನಡದ ಅಕ್ಷರ. ನಮ್ಮಲ್ಲೇ ಆದದ್ದು: ಒಂದು ಪುಟದ ಸ್ಕ್ರೀನ್‌ಶಾಟ್ ಫೋನಿನಿಂದ ಫೋನಿಗೆ ನಾಲ್ಕು ಕೈ ದಾಟಿ ಬರುವಷ್ಟರಲ್ಲಿ ‘ಧನಸಹಾಯ’ ಎಂಬುದರ ಧ ಕೆಳಗಿನ ಸೀಳು ಮುಚ್ಚಿಹೋಗಿ ‘ದನಸಹಾಯ’ ಆಗಿತ್ತು. ಕೊಟ್ಟಿಗೆ ಇರುವ ಇಬ್ಬರು ಅರ್ಜಿ ಹಾಕುವುದು ಹೇಗೆಂದು ನನ್ನನ್ನು ಕೇಳಿಯೂ ಬಿಟ್ಟರು. (ಮಹಾಪ್ರಾಣ ಕೈಬಿಡೋಣ ಎನ್ನುವವರಿಗೆ ಜೆಪೆಗ್‌ಗಿಂತ ಒಳ್ಳೆಯ ಕಾರ್ಯಕರ್ತ ಸಿಗಲಾರ.)

ಈ ಎರಡಕ್ಕೂ ‘ನಷ್ಟರಹಿತ ಸಂಕುಚನ’, ‘ನಷ್ಟಸಹಿತ ಸಂಕುಚನ’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಬರೆದೂ ಇದ್ದೆ. ನಷ್ಟಸಹಿತ ಎಂದರೆ ದುಡ್ಡು ಹೋಗುತ್ತದಾ ಎಂದು ಕೇಳಿದರು.

ಮಾತು ಸಿಕ್ಕಿದ್ದು ಅಡುಗೆಮನೆಯಲ್ಲಿ. ಅತ್ತೆ ಅಪ್ಪೆಮಿಡಿಗೆ ಉಪ್ಪು ಬೆರೆಸಿ ಭರಣಿಗೆ ತುಂಬುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕರಡು ತಿದ್ದುತ್ತಿದ್ದೆ. ‘ಎಂತದೇ ಅದು, ಒಬ್ಬಳೇ ಗೊಣಗ್ತೀಯಲ್ಲ?’ ಎಂದರು. ಚಿತ್ರ ಸಣ್ಣ ಮಾಡುವುದಕ್ಕೆ ಒಂದು ಮಾತು ಬೇಕಿತ್ತು ಎಂದೆ. ‘ಚಿರುಟು ಅನ್ನು, ಉಪ್ಪು ಕುಡಿದ ಮಿಡಿ ಚಿರುಟೂದಿಲ್ವಾ?’ ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ತಲೆಯಾಡಿಸಿದರು: ‘ಬೇಡ, ಚಿರುಟಿದ್ದು ನೋಡೂಕೆ ಚಂದ ಇರೂದಿಲ್ಲ. ಕಷಾಯಕ್ಕೆ ಮಾಡ್ತೀವಲ್ಲ, ಬತ್ಸೂದು, ಅದು ಆಗ್ಬಹುದೇನೋ.’

ಬತ್ತಿಸು! ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಬರುವ ತನಕ ಕುದಿಸುವುದು. ಸಾರ ಉಳಿಯುತ್ತದೆ, ನೀರು ಆವಿಯಾಗಿ ಹೋಗುತ್ತದೆ, ಹೋದ ನೀರನ್ನು ಮತ್ತೆ ಹಿಡಿದು ತರಲಾಗುವುದಿಲ್ಲ. ಎಷ್ಟು ಬತ್ತಿಸಬೇಕೆಂಬುದು ಒಲೆಯ ಮುಂದಿರುವವರ ಕೈಯಲ್ಲಿದೆ. ಜೆಪೆಗ್‌ನಲ್ಲೂ ಗುಣಮಟ್ಟದ ಅಂಕಿ ಆರಿಸುವವರು ನಾವೇ. ಬತ್ತಿಸಿದ್ದನ್ನೇ ಮತ್ತೆ ಮತ್ತೆ ಒಲೆಗಿಟ್ಟರೆ ತಳ ಹಿಡಿಯುತ್ತದೆ. ಜೆಪೆಗ್ ಚಿತ್ರವನ್ನು ತೆರೆದು ತಿದ್ದಿ ಉಳಿಸಿದಷ್ಟು ಸಲವೂ ಒಂದಿಷ್ಟು ಕೆಡುವುದು, ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದಾಗ ಅದು ತಾನೇ ಇನ್ನೊಮ್ಮೆ ಬತ್ತಿಸಿ ಕಳಿಸುವುದು, ಎಲ್ಲವೂ ಈ ಒಂದು ಮಾತಿನೊಳಗೆ ಬಂತು. ಈಗ ತರಗತಿಯಲ್ಲಿ ‘ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ದಿದ್ರೆ ಬತ್ತಿ ಹೋಗತ್ತೆ’ ಎಂದು ಅವರವರೇ ಹೇಳಿಕೊಳ್ಳುತ್ತಾರೆ.

ಹಾಗಾದರೆ ಪಿಎನ್‌ಜಿ ಮಾಡುವುದು? ‘ಮಡಚು’ ಎಂದಿಟ್ಟಿದ್ದೇನೆ. ಮಡಚಿಟ್ಟ ಕಂಬಳಿ ಪೆಟ್ಟಿಗೆಯಲ್ಲಿ ಕಡಿಮೆ ಜಾಗ ಹಿಡಿಯುತ್ತದೆ, ಕೊಡವಿ ಬಿಡಿಸಿದರೆ ಅದೇ ಅಗಲ, ಅದೇ ಉದ್ದ. ಜಿಪ್ ಕಡತಕ್ಕೂ ಇದೇ ಮಾತು ಹೊಂದುತ್ತದೆ. ಆಪ್ಟಿಪಿಎನ್‌ಜಿ ಎಂಬ ಸಣ್ಣ ತಂತ್ರಾಂಶ ಮಾಡುವುದು ಇದನ್ನೇ, ಮಡಚಿದ್ದನ್ನು ಬಿಡಿಸಿ ಇನ್ನೂ ಬಿಗಿಯಾಗಿ ಮಡಚುತ್ತದೆ.

ತೊಂದರೆ ಕೊಡುವುದು ಪಿಎನ್‌ಜಿಕ್ವಾಂಟ್ ಎಂಬ ಇನ್ನೊಂದು ತಂತ್ರಾಂಶ. ಅದು ಚಿತ್ರದಲ್ಲಿರುವ ಬಣ್ಣಗಳನ್ನು ಹೆಚ್ಚೆಂದರೆ 256ಕ್ಕೆ ಇಳಿಸಿ, ಚುಕ್ಕೆಯೊಂದಕ್ಕೆ 3 ಬೈಟ್ ಬೇಕಾದಲ್ಲಿ ಒಂದರಲ್ಲೇ ಮುಗಿಸುತ್ತದೆ. ಕಡತದ ಹೆಸರು ಪಿಎನ್‌ಜಿ ಎಂದೇ ಉಳಿದರೂ ಹೋದ ಬಣ್ಣ ಹೋದದ್ದೇ. ಮೆನು, ಗುಂಡಿ, ಅಕ್ಷರಗಳಷ್ಟೇ ಇರುವ ಸ್ಕ್ರೀನ್‌ಶಾಟ್‌ನಲ್ಲಿ ಮೊದಲೇ ಬಣ್ಣ ಕಡಿಮೆ, ಹಾಗಾಗಿ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ತೂಕ ಮಾತ್ರ ಅರ್ಧಕ್ಕಿಂತ ಕೆಳಗೆ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ನಮ್ಮಲ್ಲಿ ಗುಡ್ಡ ಹತ್ತಿ ಒಂದು ಕಡ್ಡಿ ಸಿಗ್ನಲ್ ಹಿಡಿಯುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಇದು ಮಡಚಿದ್ದೂ ಅಲ್ಲ, ಬತ್ತಿಸಿದ್ದೂ ಅಲ್ಲ. ‘ಬಣ್ಣ ಇಳಿಸು’ ಎಂದರೆ ತೊಳೆದು ಮಾಸಿದ ಸೀರೆಯ ನೆನಪಾಗುತ್ತದೆ. ‘ಬಣ್ಣ ಹೆಕ್ಕು’ ಎಂದು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಇನ್ನು ‘ಸ್ಕ್ರೀನ್ ಕ್ಯಾಪ್ಚರ್’. ಪತ್ರಿಕೆಗಳಲ್ಲಿ ‘ತೆರೆ ಸೆರೆಹಿಡಿಯುವಿಕೆ’ ಎಂದು ನೋಡಿದ ನೆನಪು. ಶಿವಮೊಗ್ಗ ಜಿಲ್ಲೆಯವರಿಗೆ ‘ಸೆರೆ’ ಎಂದರೆ ಕಾಡಾನೆ: ಸಕ್ರೆಬೈಲಿನ ಆನೆಗಳು ಹೋದವು, ಪುಂಡಾನೆ ಸೆರೆಯಾಯಿತು. ಬರಿಯ ‘ತೆರೆ ಹಿಡಿ’ ಎಂದರೆ ಯಕ್ಷಗಾನದ ಒಡ್ಡೋಲಗದಲ್ಲಿ ಇಬ್ಬರು ಎರಡು ಕಡೆ ನಿಂತು ಬಟ್ಟೆ ಹಿಡಿದದ್ದು ಕಣ್ಣಿಗೆ ಬರುತ್ತದೆ. ಅಲ್ಲಿ ತೆರೆ ಇರುವುದೇ ಮರೆಮಾಡಲಿಕ್ಕೆ, ಇಲ್ಲಿ ನಮಗೆ ಬೇಕಾದದ್ದು ತೋರಿಸಲಿಕ್ಕೆ. ಜನ ‘ಸ್ಕ್ರೀನ್‌ಶಾಟ್ ತೆಗಿ’, ‘ಸ್ಕ್ರೀನ್‌ಶಾಟ್ ಹೊಡಿ’ ಎನ್ನುತ್ತಾರೆ. ನಾನೂ ‘ತೆಗೆಯಿರಿ’ ಎಂದೇ ಬರೆದೆ. ಫೋಟೋ ತೆಗೆದಂತೆ ಇದನ್ನೂ ತೆಗೆದರಾಯಿತು, ಇಲ್ಲಿ ಹೊಸ ಪದ ಹುಟ್ಟಿಸುವ ಹಟ ನನಗಿಲ್ಲ.

‘ಫ್ರೀ’ ಬಗ್ಗೆ ಹಟ ಇದೆ. ಉಚಿತ ಎಂಬುದಕ್ಕೆ ಸಂಸ್ಕೃತದಲ್ಲಿ ತಕ್ಕದ್ದು ಎಂಬ ಅರ್ಥ, ಕನ್ನಡದಲ್ಲಿ ತಕ್ಕದ್ದೂ ಹೌದು, ಪುಕ್ಕಟೆಯೂ ಹೌದು. ಅನುಚಿತ ಎಂದರೆ ಮಾತ್ರ ದುಡ್ಡು ಕೊಟ್ಟು ತಂದದ್ದು ಆಗುವುದಿಲ್ಲ! ಸ್ಕ್ರೀನ್‌ಶಾಟ್ ತೆಗೆಯಲು ವಿಂಡೋಸ್ ಜೊತೆಗೇ ಬರುವ ಸ್ನಿಪ್ಪಿಂಗ್ ಟೂಲ್‌ಗೆ ಬೇರೆ ದುಡ್ಡು ಕೊಡಬೇಕಿಲ್ಲ, ಹಾಗಾಗಿ ಉಚಿತ ಎನ್ನಬಹುದು. ಅದೇ ಕೆಲಸದ ಗ್ರೀನ್‌ಶಾಟ್, ಶೇರ್‌ಎಕ್ಸ್, ಫ್ಲೇಮ್‌ಶಾಟ್ ಉಚಿತವೂ ಹೌದು. ಅದರ ಮೇಲೆ, ತಂತ್ರಾಂಶದ ಒಳಗಿನ ಬರಹ (ಸೋರ್ಸ್ ಕೋಡ್) ಓದಿ ನೋಡುವ, ತಿದ್ದುವ, ಹಂಚುವ ಹಕ್ಕನ್ನೂ ಕೊಡುತ್ತವೆ. ಇದಕ್ಕೆ ‘ಸ್ವತಂತ್ರ ತಂತ್ರಾಂಶ’ ಎಂಬುದೇ ಸರಿಯೆಂದು ನನ್ನ ಎಣಿಕೆ. ತಂತ್ರ ಎರಡು ಸಲ ಬಂದು ನಾಲಿಗೆ ತೊಡರುತ್ತದೆ, ನಿಜ. ‘ಮುಕ್ತ’ ಎಂದುಬಿಟ್ಟರೆ ‘ಓಪನ್’ ಎನ್ನಲಿಕ್ಕೆ ಬೇರೆ ಮಾತು ಉಳಿಯುವುದಿಲ್ಲ.

ತರಗತಿಗೆ ನಾನು ಆರಿಸಿದ್ದು ಫ್ಲೇಮ್‌ಶಾಟ್. ನಮ್ಮಲ್ಲಿ ಅರ್ಧ ಯಂತ್ರ ವಿಂಡೋಸ್, ಅರ್ಧ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿದ್ದು, ಇದು ಎರಡರಲ್ಲೂ ನಡೆಯುತ್ತದೆ. ಶೇರ್‌ಎಕ್ಸ್ ವಿಂಡೋಸ್‌ಗೆ ಮಾತ್ರ. ಅದರ ಕೈಯಲ್ಲಿ ಆಗದ ಕೆಲಸವಿಲ್ಲ, ಚಿತ್ರ ತೆಗೆದ ಕೂಡಲೇ ನೇರ ಅಂತರ್ಜಾಲಕ್ಕೂ ಏರಿಸಬಲ್ಲದು. ಸಂಘದ ಲೆಕ್ಕ ಪರದೆಯ ಮೇಲಿರುವಾಗ ಹೊಸಬರ ಕೈಗೆ ಅದು ಬೇಡವೆನ್ನಿಸಿತು. ಫ್ಲೇಮ್‌ಶಾಟ್‌ನಲ್ಲಿ ಚಿತ್ರ ಉಳಿಸುವ ಮೊದಲೇ ಬಾಣ ಎಳೆದು, ಖಾತೆ ಸಂಖ್ಯೆಯ ಮೇಲೆ ಕಪ್ಪು ಚೌಕ ಕೂರಿಸಬಹುದು. ಇದಕ್ಕೆ ‘ಮಸಿ ಬಳಿಯಿರಿ’ ಎಂದು ಬರೆದು, ಓದಿದವರು ಮುಖ ಮುಖ ನೋಡಿಕೊಂಡ ಮೇಲೆ ‘ಕಪ್ಪು ಮುಚ್ಚಿ’ ಎಂದು ತಿದ್ದಿದೆ.

ಚಿತ್ರದ ಬೇಡದ ಅಂಚು ಕತ್ತರಿಸುವ ‘ಕ್ರಾಪ್’ಗೆ ಒಂದು ಆ್ಯಪ್‌ನ ಕನ್ನಡ ಮೆನುವಿನಲ್ಲಿ ‘ಬೆಳೆ’ ಎಂದಿತ್ತು. ತೋಟದವರು ಅದನ್ನು ಒತ್ತಿ ಧಾರಣೆ ಕಾಣುತ್ತದೆಂದು ಕಾದಿದ್ದರು. ನಾನು ‘ಅಂಚು ಸವರಿ’ ಎಂದು ಬರೆದೆ, ಬೇಲಿ ಸವರಿದ ಹಾಗೆ. ಆದರೆ ಬೆರಳಿನಿಂದ ಪರದೆ ಸವರುವುದಕ್ಕೂ ಅದೇ ಮಾತು ನಡೆಯುತ್ತಿದೆಯಾದ್ದರಿಂದ ಗೊಂದಲವಾದೀತೇ?

ಸೋಮವಾರ ಕೈಪಿಡಿ ಅಚ್ಚಿಗೆ ಹೋಗಬೇಕು. ನನಗೆ ಬೇಕಾದದ್ದು ಮುಖ್ಯವಾಗಿ ಬಯಲುಸೀಮೆಯವರ ಕಿವಿ. ಮಳೆ ಸುರಿಯುವ ಊರಿನಲ್ಲಿ ಕೂತು ನಾನು ‘ಬತ್ತಿಸು’ ಎಂದರೆ ಕಷಾಯದ ಪಾತ್ರೆ ಕಾಣುತ್ತದೆ. ಕೆರೆ ಬತ್ತಿದ್ದು, ಬೋರ್‌ವೆಲ್ ಬತ್ತಿದ್ದು ನೋಡಿದ ನಿಮಗೆ ಅದೇ ಮಾತು ಅಪಶಕುನದಂತೆ ಕೇಳುತ್ತದೆಯೇ? ಮೈಸೂರು ಕಡೆ ಅಡುಗೆಯಲ್ಲಿ ‘ನೀರು ಸುಂಡುವ ತನಕ’ ಎನ್ನುವುದುಂಟು. ‘ಸುಂಡಿಸು’ ನಿಮ್ಮಲ್ಲಿ ಬಳಕೆಯಲ್ಲಿದ್ದರೆ, ಯಾವ ಊರು, ಯಾವ ಪದಾರ್ಥಕ್ಕೆ ಎಂಬುದನ್ನೂ ಸೇರಿಸಿ ಬರೆಯಿರಿ. ‘ಬಣ್ಣ ಹೆಕ್ಕು’ ಎಂಬುದಕ್ಕಿಂತ ಒಳ್ಳೆಯದು ಹೊಳೆದರೆ ಅದಂತೂ ಬೇಕೇ ಬೇಕು.