ಮಳೆಗೆ ಮುಂಚೆ ಮನೆಗೆ ಮಾಡು (ಛಾವಣಿ) ಕೂರಿಸಬೇಕು. ದಾನಿ ಕೇಳಿದ ಫೋಟೋ ಕೊಡಬೇಕಾ?

ಪ್ರಶ್ನೆ: ಬೈಂದೂರು ಬದಿಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಹನ್ನೊಂದು ಜನರ ಸಣ್ಣ ಟ್ರಸ್ಟ್. ಇಬ್ಬರು ಟೀಚರ್, ಒಬ್ಬ ಎಲೆಕ್ಟ್ರಿಷಿಯನ್, ಕೆಲವು ಅಂಗಡಿಯವರು, ಅಂಗನವಾಡಿಯಲ್ಲಿ ಕೆಲಸ ಮಾಡುವ ನಾನು. ಮನೆ ಇಲ್ಲದವರಿಗೆ ಮನೆ ಕಟ್ಟಿಕೊಡುತ್ತೇವೆ. ಆರು ವರ್ಷದಲ್ಲಿ ನಾಲ್ಕು ಮನೆ ಆಗಿದೆ. ಈಗ ಐದನೆಯದು.

ಹೋದ ಜುಲೈ ಮಳೆಯಲ್ಲಿ ರಾತ್ರಿ ಎರಡು ಗಂಟೆಗೆ ಈ ಕುಟುಂಬದ ಹಳೆಯ ಮನೆಯ ಮಣ್ಣಿನ ಗೋಡೆ ಬಿತ್ತು. ತಾಯಿ, ಇಬ್ಬರು ಮಕ್ಕಳು ಅಡುಗೆ ಕೋಣೆಯಲ್ಲಿ ಮಲಗಿದ್ದರು, ಅದಕ್ಕೇ ಉಳಿದರು. ತಾಯಿ ಬೀಡಿ ಕಟ್ಟುತ್ತಾರೆ. ಮಗಳು ಹತ್ತನೇ ಕ್ಲಾಸು, ಮಗ ಆರನೇ ಕ್ಲಾಸು. ಅವತ್ತಿನಿಂದ ನೀಲಿ ಟಾರ್ಪಾಲಿನ ಕೆಳಗೇ ಇದ್ದಾರೆ.

480 ಚದರಡಿ ಮನೆ. ಎಸ್ಟಿಮೇಟು ಆರೂವರೆ ಲಕ್ಷ. ಇಲ್ಲಿಯವರೆಗೆ ಬಂದದ್ದು 3 ಲಕ್ಷ 85 ಸಾವಿರ. ಪಂಚಾಂಗ (ಅಡಿಪಾಯ) ಮುಗಿದು, ಕೆಂಪುಕಲ್ಲಿನ ಗೋಡೆ ಬಾಗಿಲು ಕಿಟಕಿಯ ಮೇಲಿನ ಲಿಂಟಲ್ ತನಕ ಬಂದು ನಿಂತಿದೆ. ಕೈಯಲ್ಲಿ ಉಳಿದದ್ದು ಹದಿನೈದು ಸಾವಿರ. ಫೆಬ್ರವರಿ ಮುಗಿಯುತ್ತಾ ಬಂತು. ಜೂನ್ ಮೊದಲ ವಾರ ನಮ್ಮ ಕಡೆ ಮಳೆ ಹಿಡಿದರೆ ಮತ್ತೆ ಕೆಲಸ ಮಾಡಲು ಆಗುವುದಿಲ್ಲ. ಹಕ್ಕುಪತ್ರ ತಾಯಿಯ ಹೆಸರಿನಲ್ಲೇ ಇದೆ. ಪಂಚಾಯಿತಿ ಪಟ್ಟಿಯಲ್ಲೂ ಹೆಸರಿದೆ, ಆದರೆ ಸರದಿ ಬಂದಿಲ್ಲ.

ಈಗ ನನ್ನ ಸಂಕಟ. ನಮ್ಮೂರಿನವರೇ ಒಬ್ಬರು, ಬೇರೆ ಊರಿನಲ್ಲಿ ವ್ಯಾಪಾರ ಮಾಡುವವರು, ಎರಡು ಲಕ್ಷ ಕೊಡುತ್ತೇನೆ ಎಂದಿದ್ದಾರೆ. ಟಾರ್ಪಾಲಿನ ಎದುರು ಮೂವರನ್ನೂ ನಿಲ್ಲಿಸಿ ಫೋಟೋ ತೆಗೆಯಬೇಕು, ಫ್ಲೆಕ್ಸ್ ಹಾಕಬೇಕು, ಫೇಸ್‌ಬುಕ್ಕಿಗೂ ಹಾಕಬೇಕು ಅಂತ ಅವರ ಮಾತು. ತಾಯಿ ತಲೆ ಆಡಿಸಿದರು. ಮಗಳು ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕ, ಫ್ಲೆಕ್ಸನ್ನು ನಮ್ಮ ಶಾಲೆಯ ಬಸ್ ಸ್ಟಾಪಿನಲ್ಲಿ ಹಾಕ್ತಾರಾ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಟ್ರಸ್ಟಿನಲ್ಲಿ ಅರ್ಧ ಜನ ಫೋಟೋ ಕೊಟ್ಟುಬಿಡೋಣ, ಮಾಡು ಮುಖ್ಯ ಅನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ನೀವು ಏನು ಮಾಡುತ್ತಿದ್ದಿರಿ?

ಇನ್ನೊಂದು ವಿಷಯ. ಭಾನುವಾರ ಹದಿನೈದು ಇಪ್ಪತ್ತು ಹುಡುಗರು ಹುಡುಗಿಯರು ಶ್ರಮದಾನಕ್ಕೆ ಬರುತ್ತಾರೆ. ಅವರು ಕಟ್ಟಿದ ಎರಡು ವರಸೆ ಕಲ್ಲನ್ನು ಮೇಸ್ತ್ರಿ ಸೋಮವಾರ ಬಿಚ್ಚಿ ಮತ್ತೆ ಕಟ್ಟಿದರು. ಅವರನ್ನು ಕಳಿಸಬೇಡಿ ಎಂದರು. ಮಕ್ಕಳ ಮುಖ ನೋಡಲು ಆಗಲಿಲ್ಲ. ಅವರಿಗೆ ಏನು ಕೆಲಸ ಕೊಡಲಿ?

ಉತ್ತರ: ಬ್ರಹ್ಮಾವರದ ಮೇಷ್ಟ್ರು (ನಿವೃತ್ತ)

ತಂಗೀ, ಫೋಟೋ ಕೊಡಬೇಡಿ. ಹುಡುಗಿ ಕೇಳಿದ ಪ್ರಶ್ನೆಯಲ್ಲೇ ಉತ್ತರ ಇದೆ. ತಾಯಿ ತಲೆ ಆಡಿಸಿದ್ದು ಒಪ್ಪಿಗೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಾಳೆ ಮಾಡು ಕೊಡುವವರ ಎದುರು ಬೇಡ ಎನ್ನುವ ಧೈರ್ಯ ಯಾರಿಗೆ ಇರುತ್ತದೆ?

ಹಾಗಾದರೆ ದುಡ್ಡು ಎಲ್ಲಿಂದ? ನಮ್ಮ ಕರಾವಳಿಯವರಿಗೆ ಇದನ್ನು ಹೊಸದಾಗಿ ಕಲಿಸಬೇಕಾ? ದೇವಸ್ಥಾನದ ಬ್ರಹ್ಮಕಲಶ ಅಂದರೆ ಹೊರೆಕಾಣಿಕೆ ಹೊರಡುತ್ತದೆ. ಒಬ್ಬ ತೆಂಗಿನಕಾಯಿ ತರುತ್ತಾನೆ, ಇನ್ನೊಬ್ಬ ಅಕ್ಕಿ, ಮತ್ತೊಬ್ಬ ಒಂದು ಬಾಳೆಗೊನೆ. ಯಾರೂ "ಎಷ್ಟು ಲಕ್ಷ ಬೇಕು" ಅಂತ ಕೇಳುವುದಿಲ್ಲ. ಮನೆಗೂ ಹೊರೆಕಾಣಿಕೆ ಮಾಡಿ. 2 ಲಕ್ಷ 65 ಸಾವಿರ ಅಂದರೆ ಕೇಳಿದವನು ಹೆದರುತ್ತಾನೆ. ಎಪ್ಪತ್ತು ಚೀಲ ಸಿಮೆಂಟು, ಐದು ಕಿಟಕಿ, ಎರಡು ಬಾಗಿಲು, ಸಾವಿರದ ಇನ್ನೂರು ಹಂಚು ಅಂತ ಬರೆದು ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಬೆಳಿಗ್ಗೆ ಊರಿಡೀ ಬರುವ ಜಾಗ ಅದು. ಒಂದು ಚೀಲ ಸಿಮೆಂಟು ಕೊಟ್ಟವನ ಹೆಸರನ್ನು ಅವತ್ತೇ ಪಟ್ಟಿಯಲ್ಲಿ ಬರೆಯಿರಿ. ಪಟ್ಟಿಯಲ್ಲಿ ಕೊಡುವವರ ಹೆಸರಿರಲಿ. ತೆಗೆದುಕೊಳ್ಳುವವರ ಹೆಸರು ಬೇಡ. ಊರಿಗೆ ಹೇಗೂ ಗೊತ್ತು, ಗೋಡೆಗೆ ಗೊತ್ತಾಗಬೇಕಾಗಿಲ್ಲ.

ನಿಮ್ಮ ಭಾನುವಾರದ ಮಕ್ಕಳಿಗೆ ಚಿನ್ನದಂಥ ಕೆಲಸ ಇದೆ. ಹಂಚು! ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಮ್ಮ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ಈಗ ಎಲ್ಲರೂ ತಾರಸಿ ಮಾಡುತ್ತಿದ್ದಾರೆ, ಶೀಟು ಹಾಕುತ್ತಿದ್ದಾರೆ. ಇಳಿಸಿದ ಹಂಚು ಹಿತ್ತಿಲಲ್ಲಿ ಪಾಚಿ ಹಿಡಿದು ಬಿದ್ದಿರುತ್ತದೆ. ಕೇಳಿದರೆ ಜಾಗ ಖಾಲಿಯಾಯಿತು ಅಂತ ಖುಷಿಯಿಂದ ಕೊಡುತ್ತಾರೆ. ಮಕ್ಕಳು ಮನೆ ಮನೆಗೆ ಹೋಗಿ ಕೇಳಲಿ, ಟೆಂಪೋಗೆ ಹೇರಲಿ, ತೆಂಗಿನ ನಾರಿನಿಂದ ಉಜ್ಜಿ ತೊಳೆಯಲಿ. ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಬೇಕು. ಠಣ್ ಅಂದರೆ ಮಾಡಿಗೆ. ದಬ್ ಅಂದರೆ ಒಳಗೆ ಬಿರುಕಿದೆ, ಅದನ್ನು ಬೇರೆ ಇಡಿ. ನಾವೂ ಇಂಥ ಮನೆ ಕಟ್ಟಿಸಿಕೊಟ್ಟವರೇ, ನಮ್ಮ ಮೊದಲ ಮನೆಗೆ ಹೀಗೆ ಒಂಬೈನೂರು ಹಂಚು ಸೇರಿಸಿದ್ದೆವು. ಕಡಿಮೆ ಬಿದ್ದದ್ದನ್ನು ಮಾತ್ರ ಕೊಂಡೆವು.

ಇನ್ನೊಂದು ಕೆಲಸ ನೀರು ಹಾಕುವುದು. ಲಿಂಟಲ್ ಕಾಂಕ್ರೀಟಿಗೆ, ಗಾರೆಗೆ, ಬೆಳಿಗ್ಗೆ ಸಂಜೆ ನೀರು ಬೀಳಬೇಕು, ಕಡಿಮೆ ಅಂದರೂ ಒಂದು ವಾರ. ಮೇಸ್ತ್ರಿ ಸಂಜೆ ಐದಕ್ಕೆ ಹೊರಡುತ್ತಾನೆ, ಬಿಸಿಲಿಗೆ ಗೋಡೆ ಒಣಗುತ್ತದೆ. ಸರದಿ ಹಾಕಿ ಮಕ್ಕಳಿಗೆ ಕೊಡಿ. ಮೇಸ್ತ್ರಿಯೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾನೆ.

ಉಡುಪಿಯ ಯಕ್ಷಗಾನ ಕಲಾರಂಗದ ಹೆಸರು ಕೇಳಿರುತ್ತೀರಿ. ವಿದ್ಯಾಪೋಷಕ್ ಅಂತ ಬಡ ಮಕ್ಕಳ ಓದಿಗೆ ನೆರವಾಗುತ್ತಾರೆ. ಕಾರ್ಯಕರ್ತರು ಮಕ್ಕಳ ಮನೆಗೇ ಹೋಗಿ ನೋಡುತ್ತಾರೆ. ಓದಲು ಹಣ ಕೊಟ್ಟರೂ ಕೂತು ಓದಲು ಮನೆಯೇ ಇಲ್ಲದ ಮಕ್ಕಳಿಗೆ ದಾನಿಗಳಿಂದ ಮನೆ ಕಟ್ಟಿಸಿಕೊಟ್ಟಿದ್ದಾರೆ. ಅಪ್ಪ ಅಮ್ಮನ ನೆನಪಿಗೆ ಅಂತ ಇಡೀ ಮನೆ ಕೊಡುವವರೂ ಇದ್ದಾರೆ. ನಿಮ್ಮ ದಾನಿಗೂ ಈ ದಾರಿ ತೋರಿಸಿ. ತಾಯಿ ತಂದೆಯ ನೆನಪಿಗೆ ಬಾಗಿಲ ಮೇಲೆ ಒಂದು ಸಣ್ಣ ಕಲ್ಲು ಹಾಕಿಸುತ್ತೇವೆ ಎನ್ನಿ. ಬಹಳ ಜನಕ್ಕೆ ಬೇಕಾದದ್ದು ಅದೇ, ಫ್ಲೆಕ್ಸ್ ಅಲ್ಲ. ಕೇಳುವವರೆಗೆ ಅವರಿಗೂ ಅದು ಗೊತ್ತಿರುವುದಿಲ್ಲ.

ಪಂಚಾಯಿತಿ ವಿಷಯ. ಆವಾಸ್ ಯೋಜನೆಯಲ್ಲಿ ನಮ್ಮ ಕಡೆ ಒಂದು ಮನೆಗೆ ಸಿಗುವುದು 1 ಲಕ್ಷ 20 ಸಾವಿರ. ಹಂತ ಹಂತದ ಫೋಟೋ ನೋಡಿ ಕಂತು ಬಿಡುತ್ತಾರೆ. ಪಕ್ಕಾ ಮನೆ ಆಗಿಬಿಟ್ಟರೆ ಪಟ್ಟಿಯಿಂದ ಹೆಸರು ಹೋಗಬಹುದು. ಪಿಡಿಒ ಹತ್ತಿರ ಒಮ್ಮೆ ಕೇಳಿ, ಉತ್ತರವನ್ನು ಬರೆದುಕೊಳ್ಳಿ. ಆದರೆ ಅದಕ್ಕಾಗಿ ಇನ್ನೊಂದು ಮಳೆಗಾಲ ಕಾಯಿಸಬೇಡಿ. ಹಕ್ಕುಪತ್ರ ತಾಯಿಯ ಹೆಸರಿನಲ್ಲಿದೆ ಅಂದಿರಲ್ಲ, ನನಗೆ ಅರ್ಧ ಸಮಾಧಾನ ಅಲ್ಲೇ ಆಯಿತು. ನಮ್ಮ ಎರಡನೇ ಮನೆಯಲ್ಲಿ ನಾವು ಅದನ್ನು ನೋಡದೆ ತಪ್ಪು ಮಾಡಿದೆವು. ಜಾಗ ಗಂಡನ ಅಣ್ಣನ ಹೆಸರಿನಲ್ಲಿತ್ತು. ಮೂರು ವರ್ಷದ ಮೇಲೆ ಆ ಹೆಣ್ಣುಮಗಳು ಮಕ್ಕಳನ್ನು ಕರೆದುಕೊಂಡು ಹೊರಗೆ ಬರಬೇಕಾಯಿತು. ಆ ಮನೆಯ ಮುಂದೆ ಹೋಗುವಾಗ ಇವತ್ತಿಗೂ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಉತ್ತರ: ಲೆಕ್ಕದವರು, ಶಿವಮೊಗ್ಗ

ಮೇಷ್ಟ್ರು ಹೇಳಿದ್ದಕ್ಕೆ ಲೆಕ್ಕದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ನಿಮ್ಮ ಟ್ರಸ್ಟಿಗೆ 80ಜಿ (ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ಮಾನ್ಯತೆ) ಇದೆಯಾ? ಇದ್ದರೆ ಚೀಟಿಯಲ್ಲಿ ಬರೆಯಿರಿ, ಇಲ್ಲದಿದ್ದರೆ ಬಾಯಿಮಾತಿಗೂ ಹೇಳಬೇಡಿ. 2,000 ರೂಪಾಯಿ ದಾಟಿದ ನಗದಿಗೆ ಕೊಟ್ಟವರಿಗೆ ವಿನಾಯಿತಿ ಸಿಗುವುದಿಲ್ಲ, ಅದನ್ನು ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಜಿ ಇಲ್ಲವೇ ಇಲ್ಲ. ಇದನ್ನು ಮೊದಲೇ ಹೇಳಿದರೆ ಆಮೇಲೆ ಬೇಜಾರಿಲ್ಲ.

ಹೊರದೇಶದಲ್ಲಿರುವ ನೆಂಟರ ಹತ್ತಿರ ಕೇಳುವಾಗ ಹುಷಾರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡವರು ಕಳಿಸಿದರೆ ಆಗುತ್ತದೆ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ನೋಂದಣಿ ಬೇಕು, ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ನಿಮ್ಮಂಥ ಸಣ್ಣ ಟ್ರಸ್ಟಿಗೆ ಸದ್ಯ ಆ ದಾರಿ ಬೇಡ.

ಸಿಮೆಂಟು ಹಂಚು ಬಂದರೂ ಪುಸ್ತಕದಲ್ಲಿ ಬರೆಯಿರಿ. ಯಾರು, ಯಾವತ್ತು, ಎಷ್ಟು. ಯಾರೇ ಕೇಳಲಿ, ಪುಸ್ತಕ ತೆರೆದು ತೋರಿಸಿ. ಮುಂದಿನ ಮನೆಗೆ ದುಡ್ಡು ತರುವುದು ಈ ಪುಸ್ತಕವೇ.

ಉತ್ತರ: ಶಾರ್ಲಟ್‌ನಿಂದ, ಮೂಲ ಸಾಗರ

ನಾನಿರುವುದು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ. ಇಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಎಂಬ ಮನೆ ಕಟ್ಟುವ ಸಂಸ್ಥೆಯ ಜೊತೆ ಶನಿವಾರ ಕೆಲಸಕ್ಕೆ ಹೋಗುತ್ತೇನೆ. 1976ರಲ್ಲಿ ಜಾರ್ಜಿಯಾದ ಅಮೆರಿಕಸ್ ಎಂಬ ಸಣ್ಣ ಊರಿನಲ್ಲಿ ಶುರುವಾದದ್ದು. ಜಿಮ್ಮಿ ಕಾರ್ಟರ್ ಅಧ್ಯಕ್ಷಗಿರಿ ಬಿಟ್ಟ ಮೇಲೆ ಹೆಂಡತಿ ಜೊತೆ ಸುತ್ತಿಗೆ ಹಿಡಿದು ಕೆಲಸ ಮಾಡಿದ್ದು ಇದರಲ್ಲೇ. 1987ರಲ್ಲಿ ನಮ್ಮ ಶಾರ್ಲಟ್‌ಗೂ ಬಂದಿದ್ದರು. 2006ರಲ್ಲಿ ಲೋನಾವಳ ಹತ್ತಿರದ ಮಳವಲಿಗೂ ಹೋಗಿ ಮನೆ ಕಟ್ಟಿದರು.

ಮೊದಲ ದಿನ ನನಗೆ ಸುತ್ತಿಗೆ ಕೊಡಲಿಲ್ಲ. ಹೆಲ್ಮೆಟ್ ಕೊಟ್ಟು, ಅರ್ಧ ಗಂಟೆ ಸುರಕ್ಷತೆಯ ಪಾಠ ಹೇಳಿ, ಮರದ ಚೂರು ಹೆಕ್ಕಲು ಬಿಟ್ಟರು. ಎರಡನೇ ವಾರ ಬಣ್ಣ. ಗೋಡೆ ಎತ್ತುವಾಗ ಪಕ್ಕದಲ್ಲಿ ಕೆಲಸ ಗೊತ್ತಿದ್ದವರು ಒಬ್ಬರು ಇದ್ದೇ ಇರುತ್ತಾರೆ. ನಿಮ್ಮ ಮೇಸ್ತ್ರಿಗೂ ಅದನ್ನೇ ಕೇಳಿ: ಇಪ್ಪತ್ತು ಜನ ಬೇಡ, ಒಮ್ಮೆಗೆ ನಾಲ್ಕು ಜನ, ಅವರು ಹೇಳಿದ ಹಾಗೆ.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ಇಲ್ಲಿ ಮನೆ ಪುಕ್ಕಟೆ ಅಲ್ಲ. ಆ ಕುಟುಂಬ ತಿಂಗಳು ತಿಂಗಳು ತಮಗೆ ಹೊರಬಲ್ಲಷ್ಟು ಸಾಲದ ಕಂತು ಕಟ್ಟುತ್ತದೆ. ತಮ್ಮ ಮನೆಯಲ್ಲೂ, ಬೇರೆಯವರ ಮನೆಯಲ್ಲೂ ನೂರಾರು ಗಂಟೆ ಕೆಲಸ ಮಾಡುತ್ತದೆ. ಮೊದಲ ಸಲ ಅದನ್ನು ಕೇಳಿದಾಗ ನನ್ನ ಬಾಯಿಗೆ ಬಂದ ಶಬ್ದ "ಮುಯ್ಯಾಳು". ನಮ್ಮ ಮಲೆನಾಡಿನಲ್ಲಿ ಗದ್ದೆ ನೆಟ್ಟಿಗೆ ನಿಮ್ಮ ಮನೆಗೆ ನಾನು, ನಮ್ಮ ಮನೆಗೆ ನೀವು, ಅಲ್ವಾ? ನಾನು ಪಕ್ಕದಲ್ಲಿ ನಿಂತು ಬಣ್ಣ ಹೊಡೆದ ಹೆಂಗಸು ಯಾರಿಗೆ ಮನೆ ಸಿಗುತ್ತಿದೆಯೋ ಅವರೇ ಅಂತ ನನಗೆ ಮಧ್ಯಾಹ್ನದ ಊಟದ ಹೊತ್ತಿಗೆ ಗೊತ್ತಾಯಿತು. ನಿಮ್ಮ ಹಳೆಯ ನಾಲ್ಕು ಮನೆಯವರನ್ನು ಒಮ್ಮೆ ಕರೆಯಿರಿ. ಅವರು ಕಾಯುತ್ತಿರಬಹುದು.

ಉತ್ತರ: ಅಂಥ ಮನೆಯಲ್ಲಿ ಬೆಳೆದವಳು

ನಾನು ಇಲ್ಲಿ ಬರೆಯುವುದು ಕಡಿಮೆ. ಇದಕ್ಕೆ ಬರೆಯಲೇಬೇಕು ಅನ್ನಿಸಿತು.

ನನಗೆ ಹದಿಮೂರು ವರ್ಷ ಇದ್ದಾಗ ನಮಗೂ ಮನೆ ಕಟ್ಟಿಕೊಟ್ಟರು. ಒಳ್ಳೆಯ ಜನ. ಆ ಮನೆಯಲ್ಲೇ ಓದಿ ನಾನು ನರ್ಸ್ ಆದೆ. ಅವರ ಋಣ ದೊಡ್ಡದು. ಆದರೆ ಕೀಲಿ ಕೊಡುವ ದಿನ ನಮ್ಮ ಹಳೆಯ ಗುಡಿಸಲಿನ ಫೋಟೋವನ್ನು ದೊಡ್ಡದು ಮಾಡಿ ವೇದಿಕೆ ಹಿಂದೆ ಹಾಕಿದ್ದರು. ಅದರಲ್ಲಿ ನಾನು ಹರಿದ ಲಂಗದಲ್ಲಿ ಇದ್ದೆ. ನನ್ನ ಕ್ಲಾಸಿನವರು ಎದುರು ಸಾಲಿನಲ್ಲಿ ಕೂತಿದ್ದರು. ಆ ಮೇಲೆ ಎರಡು ವರ್ಷ ನಾನು ಶಾಲೆಗೆ ಬಳಸಿನ ದಾರಿಯಲ್ಲಿ ಹೋಗುತ್ತಿದ್ದೆ. ಆ ಫ್ಲೆಕ್ಸನ್ನು ಒಬ್ಬರು ಕೊಟ್ಟಿಗೆಗೆ ಕಟ್ಟಿಕೊಂಡಿದ್ದರು.

ಆ ಹುಡುಗಿ ಕೇಳಿದ್ದಾಳೆ. ನಾನು ಕೇಳಿರಲಿಲ್ಲ. ಅವಳ ಮಾತು ನಡೆಸಿಕೊಡಿ ಅಕ್ಕ.

ನನ್ನದು ಹತ್ತು ಚೀಲ ಸಿಮೆಂಟು ಬರೆದುಕೊಳ್ಳಿ.

ಪ್ರಶ್ನೆ ಕೇಳಿದವಳು (ಏಪ್ರಿಲ್ ಕೊನೆ)

ತಡವಾಯಿತು, ಕ್ಷಮಿಸಿ. ಆದದ್ದನ್ನೆಲ್ಲ ಹೇಳುತ್ತೇನೆ.

ಕೊನೆಯ ಉತ್ತರವನ್ನು ಟ್ರಸ್ಟಿನ ಸಭೆಯಲ್ಲಿ ಓದಿದೆ. ಆಮೇಲೆ ಯಾರೂ ಫೋಟೋ ಮಾತು ಎತ್ತಲಿಲ್ಲ. ದಾನಿಗೆ ನಾನೇ ಫೋನ್ ಮಾಡಿದೆ. ಮೇಷ್ಟ್ರು ಹೇಳಿದ ನೆನಪಿನ ಕಲ್ಲಿನ ಮಾತನ್ನೂ ಹೇಳಿದೆ. ಅವರು ನೋಡೋಣ ಅಂದರು. ಆಮೇಲೆ ಫೋನ್ ಬರಲಿಲ್ಲ. ಆ ಎರಡು ಲಕ್ಷ ಬರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆ ವಾರ ನನಗೆ ನಿದ್ದೆ ಇರಲಿಲ್ಲ.

ಡೈರಿ ಗೋಡೆಗೆ ಪಟ್ಟಿ ಅಂಟಿಸಿದೆವು. ಮೊದಲ ಮೂರು ದಿನ ಒಂದೇ ಹೆಸರು. ನಾಲ್ಕನೇ ದಿನ ಹಾಲು ಹಾಕಲು ಬರುವ ಅಜ್ಜಿಯೊಬ್ಬರು ಅರ್ಧ ಚೀಲ ಸಿಮೆಂಟು ಬರೆಸಬಹುದಾ ಅಂತ ಕೇಳಿದರು. ಅರ್ಧ ಚೀಲ ಬರೆದೆವು. ಅದನ್ನು ನೋಡಿ ಉಳಿದವರು ಬಂದರು. ಇವತ್ತಿಗೆ 46 ಚೀಲ ಸಿಮೆಂಟು, ನಾಲ್ಕು ಕಿಟಕಿ, ನಗದು 1 ಲಕ್ಷ 8 ಸಾವಿರ. ವಯರಿಂಗ್ ಕೂಲಿ ಬೇಡ ಎಂದು ನಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದಾರೆ. ಎಲ್ಲವೂ ಪುಸ್ತಕದಲ್ಲಿದೆ.

ಹಂಚು ಹದಿನೇಳು ಮನೆಯಿಂದ 1,350 ಬಂತು. ತೊಳೆದು ತಟ್ಟಿ ನೋಡಿದ ಮೇಲೆ 1,180 ಉಳಿಯಿತು. ಭಾನುವಾರ ಅಂಗಳ ತುಂಬ ಠಣ್ ಠಣ್ ಸದ್ದು. ಹಳೆಯ ಎರಡು ಮನೆಯವರು ಬಂದು ಮಕ್ಕಳಿಗೆ ಅವಲಕ್ಕಿ, ಚಹಾ ಮಾಡಿ ಕೊಟ್ಟರು, ಆಮೇಲೆ ತಾವೂ ತೊಳೆಯಲು ಕೂತರು. ನೀರು ಹಾಕುವ ಸರದಿ ಒಂದು ದಿನವೂ ತಪ್ಪಿಲ್ಲ. ಮೇಸ್ತ್ರಿ ಈಗ ಇಬ್ಬರು ಹುಡುಗರಿಗೆ ಗೋಡೆ ನೆಟ್ಟಗಿದೆಯಾ ನೋಡುವ ತೂಗುಗುಂಡು ಹಿಡಿಯಲು ಕಲಿಸುತ್ತಿದ್ದಾರೆ.

ಹಂಚು ಹೊರುವ ಕಬ್ಬಿಣದ ಪೈಪಿನ ಪಕ್ಕಾಸು ಸೋಮವಾರ ಬರುತ್ತದೆ. ಗುರುವಾರ ಹಂಚು ಹೊದಿಸುತ್ತೇವೆ. ಗಾರೆ, ನೆಲಕ್ಕೆ ಇನ್ನೂ ಅರವತ್ತು ಸಾವಿರದಷ್ಟು ಬೇಕು. ಅದು ಮಳೆ ಮುಗಿದ ಮೇಲೆ. ಮಾಡಿನ ಕೆಳಗೆ ಇದ್ದರೆ ನೆಲಕ್ಕೆ ಕಾಯಬಹುದು ಎಂದು ತಾಯಿಯೇ ಹೇಳಿದರು. ಪಟ್ಟಿಯ ಹೊಸ ಪ್ರತಿಯನ್ನು ಮಗಳು ಬರೆದಳು. ಪರೀಕ್ಷೆ ಮುಗಿದಿದೆ, ಅಕ್ಷರ ಬಹಳ ಚಂದ.

ಈಗ ಬೇಕಾಗಿರುವುದು ಮುಂಬಾಗಿಲು. ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, ಹಳೆಯದಾದರೂ ಸರಿ, ಗೆದ್ದಲು ಹಿಡಿದಿರಬಾರದು. ಕುಂದಾಪುರದಿಂದ ಭಟ್ಕಳದ ತನಕ ಯಾರ ಹತ್ತಿರ ಇದ್ದರೂ ಇಲ್ಲೇ ತಿಳಿಸಿ. ಟೆಂಪೋ ನಾವೇ ಕಳಿಸುತ್ತೇವೆ.