ಸಹಾಯ ಬೇಕು: ನಾಲ್ಕು ಯುಕುಲೇಲಿ ಮಾರಬೇಕು, ಬೆಲೆ ಹೇಗೆ ಹೇಳೋದು?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಮನೆಯಲ್ಲಿ ಏಳು ಯುಕುಲೇಲಿ (ಗಿಟಾರ್ ಥರದ, ನಾಲ್ಕು ತಂತಿಯ ಪುಟ್ಟ ವಾದ್ಯ) ಇವೆ, ನುಡಿಸೋದು ಮಾತ್ರ ಮೂರು. ಉಳಿದವು ಸುಮ್ನೆ ಗೋಡೆ ಮೇಲೆ. ನಮ್ಮ ಕಡೆ ಮಳೆಗಾಲ ಗೊತ್ತಲ್ವಾ, ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ. ಇನ್ನೊಂದು ಮಳೆಗಾಲ ಇವನ್ನೆಲ್ಲ ಒರೆಸುತ್ತಾ ಕೂರೋಕೆ ನನ್ನಿಂದ ಆಗಲ್ಲ.

ಮಾರೋದು ಎರಡು ಸೊಪ್ರಾನೊ (ಚಿಕ್ಕ ಅಳತೆಯದು), ಒಂದು ಕಾನ್ಸರ್ಟ್ (ಅದಕ್ಕಿಂತ ಸ್ವಲ್ಪ ದೊಡ್ಡದು), ಒಂದು ಬ್ಯಾರಿಟೋನ್ (ಇನ್ನೂ ದೊಡ್ಡದು). ಸೊಪ್ರಾನೊಗಳು ಪ್ಲೈವುಡ್‌ನವು. ತೇವಕ್ಕೆ ಅಷ್ಟಾಗಿ ಜಗ್ಗಲ್ಲ, ಕಲಿಯೋ ಮಕ್ಕಳಿಗೆ ಸಾಕು. ಬ್ಯಾರಿಟೋನ್‌ಗೆ ಡಿ ಜಿ ಬಿ ಇ ಶ್ರುತಿ, ಅಂದರೆ ಗಿಟಾರಿನ ಕೆಳಗಿನ ನಾಲ್ಕು ತೆಳು ತಂತಿ ಇದ್ದ ಹಾಗೆ. ಗಿಟಾರ್ ಬರೋರಿಗೆ ಕೈ ಬೇಗ ಕೂರುತ್ತೆ.

ತಲೆನೋವು ಇರೋದು ಕಾನ್ಸರ್ಟ್‌ದು. ಪೂರ್ತಿ ಮಹಾಗನಿ ಮರ, ನಾದ ಚೆನ್ನಾಗಿದೆ. ಆದರೆ ತಂತಿ ಕಟ್ಟೋ ಬ್ರಿಡ್ಜ್ ಹಿಂದುಗಡೆ ಎದ್ದಿದೆ, ಸಂದಿಯಲ್ಲಿ ವಿಸಿಟಿಂಗ್ ಕಾರ್ಡ್ ಅರ್ಧ ಇಂಚು ಒಳಗೆ ಹೋಗುತ್ತೆ. ಸದ್ಯ ತಂತಿ ಸಡಿಲ ಮಾಡಿಟ್ಟಿದ್ದೇನೆ. ಪಕ್ಕದ ಮನೆ ಅಣ್ಣ ಫೆವಿಕ್ವಿಕ್ ಹಾಕು ಅಂದ್ರು, ಧೈರ್ಯ ಬರಲಿಲ್ಲ.

ಇದನ್ನು ರಿಪೇರಿ ಮಾಡಿಸಿ ಮಾರಲಾ, ಇದ್ದ ಹಾಗೇ ಹೇಳಿ ಕಡಿಮೆಗೆ ಕೊಡಲಾ? ಶಿವಮೊಗ್ಗ ಅಥವಾ ಸಾಗರದಲ್ಲಿ ಇಂಥ ಕೆಲಸ ಗೊತ್ತಿರೋರು ಯಾರಾದ್ರೂ ಇದ್ದಾರಾ? ಹಳೇ ವಾದ್ಯಕ್ಕೆ ಹೊಸದರ ಅರ್ಧ ಬೆಲೆ ಕೇಳಿದರೆ ಜಾಸ್ತಿ ಆಗುತ್ತಾ? ಕೊರಿಯರ್‌ನಲ್ಲಿ ಕಳಿಸಿದ ಅನುಭವ ಇರೋರು ಪ್ಯಾಕಿಂಗ್ ಹೇಗೆ ಮಾಡಿದ್ರಿ ಅಂತ ದಯವಿಟ್ಟು ತಿಳಿಸಿ. ಮನೆಗೇ ಬಂದು ನುಡಿಸಿ ನೋಡೋದಾದರೆ ಇನ್ನೂ ಒಳ್ಳೇದು, ಕಾಫಿ ನನ್ನ ಕಡೆಯಿಂದ.