ನಿಂತು 24 ಗಂಟೆಯಾದ ಕಂಟೇನರ್‌ಗಳನ್ನು ಮಾತ್ರ ತೆಗೆಯುವ ಟೂಲ್: ಲೆಕ್ಕ ಎಲ್ಲಿ ತಪ್ಪುತ್ತಿದೆ?

ತೆಂಗಿನಗರಿ (ಪ್ರಶ್ನೆ)

ನಮಸ್ಕಾರ. ಹಲವು ತಂಡಗಳು ಹಂಚಿಕೊಂಡಿರುವ ಬಿಲ್ಡ್ ಸರ್ವರ್‌ಗಾಗಿ ಗೋ ಭಾಷೆಯಲ್ಲಿ ಒಂದು ಕಮಾಂಡ್‌ಲೈನ್ ಟೂಲ್ ಬರೆಯುತ್ತಿದ್ದೇನೆ. ನಿಂತು 24 ಗಂಟೆ ದಾಟಿದ ಡಾಕರ್ ಕಂಟೇನರ್‌ಗಳನ್ನು (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕವಾಗಿ ಓಡಿಸುವ ಆವರಣಗಳನ್ನು) ತೆಗೆಯಬೇಕು, ಉಳಿದದ್ದನ್ನು ಮುಟ್ಟಬಾರದು.

ನಿಂತವನ್ನು ಒಟ್ಟಿಗೆ ಅಳಿಸುವ `ಡಾಕರ್ ಕಂಟೇನರ್ ಪ್ರೂನ್ --ಫಿಲ್ಟರ್ ಅಂಟಿಲ್=24ಎಚ್` ಕೊಟ್ಟರೆ ಹತ್ತು ನಿಮಿಷದ ಹಿಂದೆ ನಿಂತದ್ದೂ ಹೋಗುತ್ತದೆ. ಹಾಗಾಗಿ ಡಾಕರ್‌ನ ಎಪಿಐ (ಪ್ರೋಗ್ರಾಮ್‌ನಿಂದ ಡಾಕರ್ ನಡೆಸುವ ದಾರಿ) ಹಿಡಿದೆ: ಪಟ್ಟಿ ತರಿಸುವುದು, ಒಂದೊಂದನ್ನೂ ಇನ್‌ಸ್ಪೆಕ್ಟ್ ಮಾಡುವುದು (ಪೂರ್ತಿ ವಿವರ ಕೇಳುವುದು), ಸ್ಟೇಟ್ ಒಳಗಿನ ಫಿನಿಶ್ಡ್‌ಅಟ್ (ನಿಂತ ಹೊತ್ತು) ನೋಡಿ ವಯಸ್ಸು ಲೆಕ್ಕ ಹಾಕುವುದು, ಫೋರ್ಸ್ (ಓಡುತ್ತಿದ್ದರೂ ಬಲವಂತವಾಗಿ ತೆಗೆಯುವ ಆಯ್ಕೆ) ಜೊತೆ ಅಳಿಸುವುದು. ಈಗ ಸಿಕ್ಕಿಹಾಕಿಕೊಂಡಿರುವುದು ಇಲ್ಲಿ: ಆಗತಾನೇ `ಡಾಕರ್ ಕ್ರಿಯೇಟ್` ಮಾಡಿಟ್ಟ ಕಂಟೇನರ್‌ಗಳು ಕ್ಷಣದಲ್ಲಿ ಮಾಯವಾಗುತ್ತವೆ. ಒಮ್ಮೊಮ್ಮೆ ಓಡುತ್ತಿರುವುದೂ ಹೋಗುತ್ತದೆ. ಇನ್ನೊಂದು ಯಂತ್ರದಲ್ಲಂತೂ `ಡಾಕರ್ ಪಿಎಸ್ -ಎ` ಹದಿನೈದು ಕಂಟೇನರ್ ತೋರಿಸುವಾಗ ನನ್ನ ಟೂಲ್ ಒಂದನ್ನೂ ತೋರಿಸುವುದಿಲ್ಲ. ಕಾರಣ ಗೊತ್ತಿದ್ದವರು ತಿಳಿಸಿ.

ಅಡಿಕೆಹಾಳೆ

ಮೊದಲು ಪ್ರೂನ್ ವಿಷಯ. ಅಲ್ಲಿನ ಅಂಟಿಲ್ ಕಂಟೇನರ್ ಹುಟ್ಟಿದ ಹೊತ್ತನ್ನು ನೋಡುತ್ತದೆ, ನಿಂತ ಹೊತ್ತನ್ನಲ್ಲ. ಮೂರು ದಿನದ ಹಿಂದೆ ಹುಟ್ಟಿ, ಅಲ್ಲಿಯವರೆಗೂ ಓಡಿ, ಹತ್ತು ನಿಮಿಷದ ಹಿಂದೆ ನಿಂತದ್ದು ಅದರ ಲೆಕ್ಕದಲ್ಲಿ ಮೂರು ದಿನ ಹಳೆಯದು. ನಿಂತ ಹೊತ್ತಿನ ಮೇಲೆ ಸೋಸುವ ಫಿಲ್ಟರ್ ಪ್ರೂನ್‌ನಲ್ಲಿ ಇಲ್ಲ, ಆದ್ದರಿಂದ ನೀವು ಸ್ವಂತ ಟೂಲ್ ಬರೆಯುತ್ತಿರುವುದು ಸರಿಯೇ. ಪಟ್ಟಿಯ ಎಪಿಐನಲ್ಲೂ ಫಿನಿಶ್ಡ್‌ಅಟ್ ಬರುವುದಿಲ್ಲ. ಅದು ಕೊಡುವುದು ಕ್ರಿಯೇಟೆಡ್ ಹೊತ್ತು ಮತ್ತು ‘3 ದಿನದ ಹಿಂದೆ ನಿಂತಿತು’ ಅನ್ನುವಂಥ ಓದುವ ಸಾಲು ಮಾತ್ರ. ಆ ಸಾಲನ್ನು ಕತ್ತರಿಸಿ ಸಮಯ ಹುಡುಕಲು ಹೋಗಬೇಡಿ, ಪ್ರತಿಯೊಂದನ್ನೂ ಇನ್‌ಸ್ಪೆಕ್ಟ್ ಮಾಡುವುದೇ ದಾರಿ.

ಕ್ರಿಯೇಟ್ ಮಾಡಿದವು ಮಾಯವಾಗುವುದಕ್ಕೆ ಕಾರಣ: ಒಮ್ಮೆಯೂ ಶುರುವಾಗದ ಕಂಟೇನರ್‌ನ ಫಿನಿಶ್ಡ್‌ಅಟ್ ಖಾಲಿ ಇರುವುದಿಲ್ಲ, 0001ನೇ ಇಸವಿಯ ಜನವರಿ 1 ಎಂದಿರುತ್ತದೆ. ಗೋ ಭಾಷೆಯಲ್ಲಿ ಸಮಯದ ಶೂನ್ಯ ಬೆಲೆ ಅದು. ಅದರಿಂದ ಇಂದಿಗೆ ಎಷ್ಟು ಕಾಲವಾಯಿತು ಎಂದು ಟೈಮ್.ಸಿನ್ಸ್‌ಗೆ ಕೇಳಿದರೆ ಉತ್ತರ ಡ್ಯುರೇಶನ್‌ನ (ಗೋ ಕಾಲಾವಧಿ ಇಡುವ ಬಗೆ) ಗರಿಷ್ಠ ಮಿತಿಯಾದ ಸುಮಾರು 292 ವರ್ಷಕ್ಕೆ ಬಂದು ನಿಲ್ಲುತ್ತದೆ. 24 ಗಂಟೆಗಿಂತ ಹೆಚ್ಚಾಯಿತಲ್ಲ, ಅಳಿಸಿಬಿಡುತ್ತದೆ. ಆರ್‌ಎಫ್‌ಸಿ3339ನ್ಯಾನೋ ವಿನ್ಯಾಸದಲ್ಲಿ ಪಾರ್ಸ್ ಮಾಡಿದ ತಕ್ಷಣ, ಅದು ಆ ಶೂನ್ಯ ಬೆಲೆಯೇ ಎಂದು ಹೇಳುವ ಇಸ್‌ಜೀರೋ ನೋಡಿ. ಹೌದು ಎಂದು ಬಂದರೆ ವಯಸ್ಸನ್ನು ಕ್ರಿಯೇಟೆಡ್‌ನಿಂದ ಎಣಿಸಿ. ನನ್ನ ಅಭಿಪ್ರಾಯದಲ್ಲಿ ಇಂಥವಕ್ಕೆ ಬೇರೆಯೇ ಗಡುವು ಇರಲಿ. ಮೊದಲು ಕ್ರಿಯೇಟ್, ಆಮೇಲೆ `ಡಾಕರ್ ಸಿಪಿ`ಯಿಂದ ಕಡತ ತುಂಬಿಸುವುದು, ಕೊನೆಗೆ ಸ್ಟಾರ್ಟ್, ಈ ಕ್ರಮ ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲಿ ಬಹಳ ಬಳಕೆಯಲ್ಲಿದೆ.

ಓಡುತ್ತಿರುವುದು ಹೋಗುವುದಕ್ಕೂ ಇದೇ ಫೀಲ್ಡ್ ಕಾರಣ. ನಿಂತ ಕಂಟೇನರನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಫಿನಿಶ್ಡ್‌ಅಟ್ ಅಳಿಸಿಹೋಗುವುದಿಲ್ಲ, ಹಿಂದಿನ ಸಲ ನಿಂತ ಹೊತ್ತು ಹಾಗೆಯೇ ಉಳಿದಿರುತ್ತದೆ. ಹಾಗಾಗಿ ಇನ್‌ಸ್ಪೆಕ್ಟ್‌ನ ಉತ್ತರದಲ್ಲೇ ಸ್ಟೇಟಸ್ ಎಕ್ಸಿಟೆಡ್ (ಒಮ್ಮೆಯೂ ಶುರುವಾಗದ್ದಾದರೆ ಕ್ರಿಯೇಟೆಡ್) ಎಂದು ಇದೆಯೇ ಎಂದು ಮೊದಲು ನೋಡಿ, ನಂತರವೇ ವಯಸ್ಸಿನ ಲೆಕ್ಕ. ಪಟ್ಟಿಯಲ್ಲಿ ಬಂದ ಸ್ಟೇಟಸ್ ನಂಬಬೇಡಿ. ಪಟ್ಟಿ ತರಿಸಿದ ಮೇಲೆ ಯಾರಾದರೂ ಸ್ಟಾರ್ಟ್ ಮಾಡಿರಬಹುದು.

ಮರಗಾಲು

ಅಡಿಕೆಹಾಳೆ ಅವರು ಹೇಳಿದ್ದು ಪೂರ್ತಿ ಸರಿ. ಅದರ ಮೇಲೆ ಒಂದು ಕಳಕಳಿಯ ಮಾತು: ದಯವಿಟ್ಟು ಫೋರ್ಸ್ ತೆಗೆದುಬಿಡಿ. ಇನ್‌ಸ್ಪೆಕ್ಟ್ ಮತ್ತು ಅಳಿಸುವಿಕೆಯ ನಡುವೆ ಕೆಲವು ಮಿಲಿಸೆಕೆಂಡು ಅಂತರ ಯಾವಾಗಲೂ ಇದ್ದೇ ಇರುತ್ತದೆ. ಫೋರ್ಸ್ ಇಲ್ಲದಿದ್ದರೆ, ಆ ಅಂತರದಲ್ಲಿ ಶುರುವಾದ ಕಂಟೇನರನ್ನು ಅಳಿಸಲು ಡೀಮನ್ (ಹಿನ್ನೆಲೆಯಲ್ಲಿ ಓಡುವ ಡಾಕರ್ ಸರ್ವರ್) ಒಪ್ಪುವುದಿಲ್ಲ, 409 ಎಂಬ ದೋಷದ ಸಂಖ್ಯೆ ಕಳಿಸುತ್ತದೆ. ನಿಮಗೆ ಬೇಕಾದ ಬೀಗ ಅದೇ. ಫೋರ್ಸ್ ಇದ್ದರೆ ಒಳಗಿನ ಪ್ರಕ್ರಿಯೆಗೆ ನೇರ ಸಿಗ್‌ಕಿಲ್ (ತಕ್ಷಣ ಕೊಲ್ಲುವ ಸಂಕೇತ) ಬೀಳುತ್ತದೆ. ಡೇಟಾಬೇಸ್ ಬರೆಯುತ್ತಿದ್ದದ್ದನ್ನು ಮುಗಿಸಲೂ ಸಮಯ ಸಿಗುವುದಿಲ್ಲ. ಓಡುತ್ತಿರುವುದನ್ನು ತೆಗೆಯುವ ಸೌಲಭ್ಯ ಮುಂದೆ ಬೇಕೆನಿಸಿದರೆ ಮೊದಲು ಸ್ಟಾಪ್ ಕರೆಯಿರಿ. ಅದು ಸಿಗ್‌ಟರ್ಮ್ (ಮುಗಿಸಿಕೊಳ್ಳಲು ಹೇಳುವ ಸಂಕೇತ) ಕಳಿಸಿ, ಬೇರೆ ಹೇಳದಿದ್ದರೆ 10 ಸೆಕೆಂಡು ಕಾದು, ಆಮೇಲಷ್ಟೇ ಸಿಗ್‌ಕಿಲ್ ಕಳಿಸುತ್ತದೆ.

ಉತ್ತರದ ಸಂಖ್ಯೆಗಳನ್ನು ಬೇರೆಬೇರೆಯಾಗಿ ನಡೆಸಿಕೊಳ್ಳಿ. 204 ಅಂದರೆ ಅಳಿಯಿತು. 404 ಬಂದರೆ ಬೇರೆಯವರು ಆಗಲೇ ತೆಗೆದಿದ್ದಾರೆ. ನಮಗೆ ಬೇಕಿದ್ದದ್ದೇ ಆಗಿರುವುದರಿಂದ ಅದನ್ನು ತಪ್ಪೆಂದು ಎಣಿಸಬೇಡಿ. 409ರಲ್ಲಿ ‘ಓಡುತ್ತಿದೆ’ ಎಂಬುದೂ ಬರುತ್ತದೆ, ‘ತೆಗೆಯುವ ಕೆಲಸ ಆಗಲೇ ನಡೆಯುತ್ತಿದೆ’ ಎಂಬುದೂ ಬರುತ್ತದೆ. `--ಆರ್‌ಎಂ` ಕೊಟ್ಟು ಓಡಿಸಿದವು ತಾವಾಗಿಯೇ ಅಳಿಯುವ ಹೊತ್ತಿಗೆ ಎರಡನೆಯದು ಎದುರಾಗುತ್ತದೆ. ಎರಡನ್ನೂ ‘ಬಿಟ್ಟಿದ್ದು’ ಎಂದು ಬರೆದು ಮುಂದೆ ಹೋಗಿ. 500 ಮಾತ್ರ ನಿಜವಾದ ಸೋಲು, ಅದೊಂದು ಬಂದರೂ ಟೂಲ್‌ನ ಎಕ್ಸಿಟ್ ಕೋಡ್ 1 ಆಗಲಿ. ಆದರೆ ಒಂದು ಸೋತಿತೆಂದು ಉಳಿದವನ್ನು ನಿಲ್ಲಿಸಬೇಡಿ.

ವಾಲ್ಯೂಮ್ (ಕಂಟೇನರ್‌ನ ಡೇಟಾ ಹೊರಗೆ ಇಡುವ ಜಾಗ) ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ರಿಮೂವ್‌ವಾಲ್ಯೂಮ್ಸ್ ಎಂಬ ಆಯ್ಕೆ, ಅಂದರೆ `ಡಾಕರ್ ಆರ್‌ಎಂ -ವಿ`, ಹೆಸರಿಲ್ಲದ ವಾಲ್ಯೂಮ್‌ಗಳನ್ನು ಕಂಟೇನರ್ ಜೊತೆಗೇ ಅಳಿಸುತ್ತದೆ. ಹೆಸರಿಟ್ಟವು ಉಳಿಯುತ್ತವೆ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಇಮೇಜ್ (ಕಂಟೇನರ್ ಹುಟ್ಟುವ ಅಚ್ಚು) ತನ್ನ ಡಾಕರ್‌ಫೈಲ್‌ನಲ್ಲೇ ವಾಲ್ಯೂಮ್ ಘೋಷಿಸಿರುತ್ತದೆ. ಬಳಸುವವರು ಹೆಸರು ಕೊಡದಿದ್ದರೆ ಡೇಟಾ ಇರುವುದು ಆ ಹೆಸರಿಲ್ಲದ ವಾಲ್ಯೂಮ್‌ನಲ್ಲಿ. ರಿಮೂವ್‌ವಾಲ್ಯೂಮ್ಸ್ ಕೊಡದೆ ಬಿಟ್ಟರೆ 64 ಅಕ್ಷರದ ಹೆಸರಿನ ಅನಾಥ ವಾಲ್ಯೂಮ್‌ಗಳು ಡಿಸ್ಕ್ ತುಂಬುತ್ತವೆ, ಕೊಟ್ಟರೆ ಡೇಟಾ ವಾಪಸ್ ಬರುವುದಿಲ್ಲ. ಹಂಚಿಕೊಂಡ ಯಂತ್ರದಲ್ಲಿ ಇದು ಆಫ್ ಆಗಿಯೇ ಇರಲಿ, ಬೇಕಾದವರು ಫ್ಲ್ಯಾಗ್ ಕೊಟ್ಟು ಆನ್ ಮಾಡಲಿ. ಡೀಫಾಲ್ಟ್ ಲಾಗ್ ಡ್ರೈವರ್ ಆದ ಜೇಸನ್-ಫೈಲ್‌ನಲ್ಲಿ ಲಾಗ್ ಕೂಡ ಕಂಟೇನರ್ ಜೊತೆ ಹೋಗುತ್ತದೆ. ಎಕ್ಸಿಟ್ ಕೋಡ್ 0 ಅಲ್ಲದವಕ್ಕೆ ಅಳಿಸುವ ಮುನ್ನ ಲಾಗ್‌ನ ಕೊನೆಯ 200 ಸಾಲು ಕಡತಕ್ಕೆ ಬರೆದಿಟ್ಟರೆ ಬಿಲ್ಡ್ ಯಾಕೆ ಬಿತ್ತು ಎಂದು ಮರುದಿನ ಹುಡುಕುವವರಿಗೆ ಉಪಕಾರ.

ನೀರುಕೋಳಿ

ಕಂಟೇನರೇ ಕಾಣದ ಯಂತ್ರದಲ್ಲಿ `ಡಾಕರ್ ಕಾಂಟೆಕ್ಸ್ಟ್ ಎಲ್‌ಎಸ್` ಓಡಿಸಿ. ನಕ್ಷತ್ರದ ಗುರುತು ಡೀಫಾಲ್ಟ್ ಬಿಟ್ಟು ಬೇರೆ ಸಾಲಿನಲ್ಲಿ ಇರುತ್ತದೆ ಎಂದುಕೊಂಡಿದ್ದೇನೆ. `ಡಾಕರ್` ಕಮಾಂಡ್ ಕಾಂಟೆಕ್ಸ್ಟ್ (ಯಾವ ಡೀಮನ್ ಜೊತೆ ಮಾತಾಡಬೇಕು ಎಂಬ ಆಯ್ಕೆ) ಓದುತ್ತದೆ. ಗೋ ಕ್ಲೈಂಟ್‌ನ ಫ್ರಮ್‌ಎನ್ವ್ ಓದುವುದು ಡಾಕರ್_ಹೋಸ್ಟ್ ಮುಂತಾದ ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು ಮಾತ್ರ, ಅವು ಇಲ್ಲದಿದ್ದರೆ ನೇರ /ವರ್/ರನ್/ಡಾಕರ್.ಸಾಕ್‌ಗೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಹಾಕಿಕೊಂಡವರಿಗೆ ಅದರ ಸಾಕೆಟ್ ಹೋಮ್ ಡೈರೆಕ್ಟರಿಯೊಳಗೆ ಇರುತ್ತದೆ. ಒಂದೇ ಯಂತ್ರದಲ್ಲಿ ಎರಡು ಡೀಮನ್, ನಿಮ್ಮ ಟೂಲ್ ಮಾತಾಡುತ್ತಿರುವುದು ಖಾಲಿ ಇರುವುದರ ಜೊತೆ.

ಇದು ತಿರುಗಿ ಆದರೆ ಇನ್ನೂ ಅಪಾಯ: ಕಣ್ಣಿಗೆ ಕಾಣುತ್ತಿರುವುದು ಒಂದು ಡೀಮನ್, ಅಳಿಯುತ್ತಿರುವುದು ಇನ್ನೊಂದರಲ್ಲಿ. ಆದ್ದರಿಂದ ಇನ್ಫೋ ಕರೆದು ಸರ್ವರ್ ಹೆಸರು, ಸಾಕೆಟ್ ವಿಳಾಸ ಎರಡನ್ನೂ ಟೂಲ್ ಮೊದಲ ಸಾಲಿನಲ್ಲೇ ಮುದ್ರಿಸಲಿ. ಡೀಮನ್ ದೂರದ ಯಂತ್ರದಲ್ಲಿದ್ದರೆ ‘ಈಗ’ ಎಂಬುದನ್ನು ಅದೇ ಇನ್ಫೋದ ಸಿಸ್ಟಮ್‌ಟೈಮ್‌ನಿಂದ ತೆಗೆದುಕೊಳ್ಳಿ, ಫಿನಿಶ್ಡ್‌ಅಟ್ ಬರೆದದ್ದು ಆ ಯಂತ್ರದ ಗಡಿಯಾರವಲ್ಲವೇ. ಕ್ಲೈಂಟ್ ಕಟ್ಟುವಾಗ ಎಪಿಐ ಆವೃತ್ತಿ ಹೊಂದಿಸಿಕೊಳ್ಳುವ ಆಯ್ಕೆಯನ್ನೂ ಸೇರಿಸಿ, ಇಲ್ಲವಾದರೆ ಹಳೆಯ ಡೀಮನ್ ‘ಕ್ಲೈಂಟ್ ತೀರಾ ಹೊಸದು’ ಎಂದು ನಿರಾಕರಿಸುತ್ತದೆ.

ಹೆಸರಿನ ಫಿಲ್ಟರ್ ಇಡುವುದಾದರೆ ಎಚ್ಚರ. `ನೇಮ್=ವೆಬ್` ಎಂದರೆ ‘ವೆಬ್-ಅಡ್ಮಿನ್’ ಕೂಡ ಹೊಂದುತ್ತದೆ, ಹೆಸರಿನ ಯಾವುದೇ ಭಾಗ ಸಿಕ್ಕರೆ ಸಾಕು. ಲೇಬಲ್ (ಕಂಟೇನರ್‌ಗೆ ಅಂಟಿಸುವ ಗುರುತು) ಮೇಲೆ ಸೋಸುವುದೇ ವಾಸಿ.

ತೆಂಗಿನಗರಿ

ಕಾಂಟೆಕ್ಸ್ಟ್‌ನದೇ ತೊಂದರೆ, ನಕ್ಷತ್ರ ಡೆಸ್ಕ್‌ಟಾಪ್ ಸಾಲಿನಲ್ಲಿತ್ತು. ಇಸ್‌ಜೀರೋ, ಸ್ಟೇಟಸ್ ಪರೀಕ್ಷೆ ಎರಡೂ ಸೇರಿಸಿದೆ, ಫೋರ್ಸ್ ತೆಗೆದೆ. ಎಲ್ಲರಿಗೂ ಧನ್ಯವಾದ. ಉಳಿದದ್ದು ಎರಡು: 24 ಗಂಟೆ ಕಾಯದೆ ಇದನ್ನು ಪರೀಕ್ಷಿಸುವುದು ಹೇಗೆ? ಡೆಡ್ ಸ್ಥಿತಿಯಲ್ಲಿರುವ ಒಂದು ಕಂಟೇನರ್ ಪ್ರತಿ ಸಲ 500 ಕೊಡುತ್ತಿದೆ, ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ ಎಂದು. ಅದಕ್ಕೇನು ಮಾಡಲಿ?

ಅಡಿಕೆಹಾಳೆ

ಗಡುವನ್ನು ಫ್ಲ್ಯಾಗ್ ಮಾಡಿ, ಪರೀಕ್ಷೆಯಲ್ಲಿ 5 ಸೆಕೆಂಡು ಕೊಡಿ. ಬಿಜಿಬಾಕ್ಸ್ ಇಮೇಜ್‌ನಿಂದ ಐದು ಕಂಟೇನರ್ ಸಾಕು: `ಟ್ರೂ` ಓಡಿಸಿ ಮುಗಿದದ್ದು, ಬರೀ ಕ್ರಿಯೇಟ್ ಆದದ್ದು, `ಸ್ಲೀಪ್ 3600` ಓಡುತ್ತಿರುವುದು, ಅದೇ ಸ್ಲೀಪ್ ಅನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ್ದು, `ಡಾಕರ್ ಪಾಜ್`ನಿಂದ ತಡೆಹಿಡಿದದ್ದು. ಹತ್ತು ಸೆಕೆಂಡು ಬಿಟ್ಟು ಟೂಲ್ ಓಡಿಸಿದಾಗ, ಕ್ರಿಯೇಟ್ ಆದದ್ದರ ಗಡುವು ದೊಡ್ಡದಿದ್ದರೆ, ಮೊದಲನೆಯದೊಂದೇ ಹೋಗಬೇಕು. ನಾಲ್ಕನೆಯದು ಉಳಿಯಿತೆಂದರೆ ಸ್ಟೇಟಸ್ ಪರೀಕ್ಷೆ ಸರಿಯಾಗಿದೆ.

ಡೀಫಾಲ್ಟ್ ಆಗಿ ಟೂಲ್ ಪಟ್ಟಿ ತೋರಿಸಿ ಸುಮ್ಮನಿರಲಿ, `--ಯೆಸ್` ಕೊಟ್ಟಾಗ ಮಾತ್ರ ಅಳಿಸಲಿ. ಕ್ರಾನ್‌ನಿಂದ (ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ವ್ಯವಸ್ಥೆಯಿಂದ) ಓಡುವಾಗ ‘ಹೌದೋ ಅಲ್ಲವೋ’ ಎಂದು ಕೇಳಿದರೆ ಉತ್ತರಿಸುವವರು ಯಾರೂ ಇರುವುದಿಲ್ಲ.

ಮರಗಾಲು

ಡೆಡ್ ಅಂದರೆ ತೆಗೆಯುವ ಕೆಲಸ ಅರ್ಧಕ್ಕೆ ನಿಂತದ್ದು. ಬ್ಯುಸಿ ಎಂದು ಬರುವುದು ಸಾಮಾನ್ಯವಾಗಿ ಬೇರೊಂದು ಪ್ರಕ್ರಿಯೆ ಆ ಕಂಟೇನರ್‌ನ ಮೌಂಟನ್ನು ತನ್ನ ಮೌಂಟ್ ನೇಮ್‌ಸ್ಪೇಸ್‌ನಲ್ಲಿ (ತನಗೆ ಕಾಣುವ ಮೌಂಟ್‌ಗಳ ಪ್ರತ್ಯೇಕ ಪಟ್ಟಿಯಲ್ಲಿ) ಹಿಡಿದಿಟ್ಟುಕೊಂಡಾಗ. /ವರ್/ಲಿಬ್/ಡಾಕರ್ ಅನ್ನು ಒಳಗೆ ಮೌಂಟ್ ಮಾಡಿಕೊಂಡ ಮಾನಿಟರಿಂಗ್ ಏಜೆಂಟ್ ಇದೆಯೇ ಮೊದಲು ನೋಡಿ. 3.10 ಕರ್ನಲ್‌ನ ಸೆಂಟ್‌ಓಎಸ್ 7ರಲ್ಲಿ ಇದು ತುಂಬಾ ಕಾಡುತ್ತಿತ್ತು.

ಹಿಡಿದವರನ್ನು ಹುಡುಕಲು ದೋಷದ ಸಂದೇಶದಲ್ಲೇ ಇರುವ ಓವರ್‌ಲೇ2 (ಡಾಕರ್ ಕಡತಗಳ ಪದರ ಇಡುವ ಡೈರೆಕ್ಟರಿ) ಕೆಳಗಿನ ಲೇಯರ್ ಐಡಿ ತೆಗೆದುಕೊಂಡು /ಪ್ರಾಕ್ ಕೆಳಗಿನ ಎಲ್ಲ ಪ್ರಕ್ರಿಯೆಗಳ ಮೌಂಟ್‌ಇನ್ಫೋ ಕಡತಗಳಲ್ಲಿ ಗ್ರೆಪ್ ಮಾಡಿ. ಲೇಯರ್ ಐಡಿ ಬೇರೆ, ಕಂಟೇನರ್ ಐಡಿ ಬೇರೆ, ಎರಡನೆಯದನ್ನು ಹುಡುಕಿದರೆ ಏನೂ ಸಿಗದಿರಬಹುದು. ಸಿಕ್ಕ ಪ್ರಕ್ರಿಯೆಯನ್ನು ರೀಸ್ಟಾರ್ಟ್ ಮಾಡಿ ಮತ್ತೆ ಅಳಿಸಿದರೆ ಹೋಗುತ್ತದೆ. /ವರ್/ಲಿಬ್/ಡಾಕರ್ ಒಳಗೆ ಕೈಯಿಂದ ಡೈರೆಕ್ಟರಿ ಅಳಿಸಲು ಮಾತ್ರ ಹೋಗಬೇಡಿ, ಡೀಮನ್‌ನ ಲೆಕ್ಕಕ್ಕೂ ಡಿಸ್ಕ್‌ನಲ್ಲಿರುವುದಕ್ಕೂ ತಾಳೆ ತಪ್ಪುತ್ತದೆ. ಟೂಲ್‌ನಲ್ಲಿ ಡೆಡ್‌ಗೆ ಒಂದೇ ಪ್ರಯತ್ನ ಇಟ್ಟು, ಸೋತರೆ ಲೇಯರ್ ದಾರಿಯೊಂದಿಗೆ ದೋಷದ ಸಂದೇಶ ಪೂರ್ತಿ ಮುದ್ರಿಸಿ.